ತಿಪ್ಪೆಯ ಚರಿತ್ರೆ: ಮನೆಯ ಮಣ್ಣು ಬಡವಾದ ಬಗೆ

ಕನ್ನಡದವರಲ್ಲಿ ತಿಪ್ಪಣ್ಣ, ತಿಪ್ಪಮ್ಮ, ತಿಪ್ಪೇಸ್ವಾಮಿ ಎಂಬ ಹೆಸರುಗಳಿವೆ. ತಮಿಳಿನವರಲ್ಲಿ ಕುಪ್ಪನ್, ಕುಪ್ಪಮ್ಮಾಳ್, ಕುಪ್ಪುಸಾಮಿ. ತೆಲುಗಿನವರಲ್ಲಿ ಪೆಂಟಯ್ಯ. ಈ ಎಲ್ಲ ಹೆಸರುಗಳ ಬೇರು ಒಂದೇ, ಅದು ತಿಪ್ಪೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಆಮೇಲೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ಅದರ ಹೆಸರನ್ನೇ ಇಡೋದು ಹಳೆಯ ವಾಡಿಕೆ. ಕಸದ ಹಾಗೆ ಕಂಡರೆ ಸಾವು ಕೂಸನ್ನು ಬಿಟ್ಟುಹೋದೀತು ಅನ್ನೋ ಆಸೆ ಅದರಲ್ಲಿತ್ತು ಅಂತಾರೆ. ಬೇಸಾಯದ ಮನೆಯವರಿಗೆ ಅದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತೆ. ತಿಪ್ಪೆಯಲ್ಲಿ ಬಿದ್ದ ಕುಂಬಳದ ಬೀಜವನ್ನು ಯಾರೂ ನೋಡಿಕೊಳ್ಳೋದಿಲ್ಲ, ಆದರೂ ಅದು ಬದುಕುತ್ತದೆ.

ಇಂಥ ತಿಪ್ಪೆ ಈಗ ನಮ್ಮ ಹಿತ್ತಲುಗಳಲ್ಲಿ ಇಲ್ಲವಾಗುತ್ತಿದೆ. ಕಡಯಂಪಟ್ಟಿಯ ಸುತ್ತಮುತ್ತ ಹೊಸ ಮನೆ ಕಟ್ಟಿದವರು ಮುಂದಿನ ಅಂಗಳಕ್ಕೆ ಸಿಮೆಂಟು ಹಾಕಿಸಿ, ಉಳಿದ ಅಷ್ಟಿಷ್ಟು ಜಾಗದಲ್ಲಿ ತೆಂಗು, ಮಲ್ಲಿಗೆ, ಕರಿಬೇವು ನೆಡುತ್ತಾರೆ. ಕೆಲವರು ಪಟ್ಟಣದವರ ಹಾಗೆ ಹುಲ್ಲುಹಾಸು ಹಾಕಿಸುತ್ತಾರೆ. ಒಂದೆರಡು ವರ್ಷಕ್ಕೆ ಎಲೆ ಹಳದಿಯಾಗುತ್ತೆ, ಹುಲ್ಲು ಒಣಗುತ್ತೆ. "ನಮ್ಮ ಮಣ್ಣೇ ಸರಿಯಿಲ್ಲ" ಅಂದು ಅಂಗಡಿಯಿಂದ ಗೊಬ್ಬರ ತರುತ್ತಾರೆ. ಮಣ್ಣು ತಾನಾಗಿ ಕೆಟ್ಟಿದ್ದಲ್ಲ. ಅದು ಬಡವಾದ ಕತೆಗೂ ಒಂದು ಚರಿತ್ರೆಯಿದೆ. ಆ ಚರಿತ್ರೆ ಗೊತ್ತಿದ್ದರೆ ಮದ್ದೂ ಗೊತ್ತಾಗುತ್ತದೆ.

ನಮ್ಮ ಸೀಮೆ 1792ರವರೆಗೆ ಮೈಸೂರಿಗೆ ಸೇರಿತ್ತು. ಆ ವರ್ಷದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಕಂಪನಿಯವರಿಗೆ ಬಿಟ್ಟುಕೊಡಬೇಕಾಯಿತು. ಇಲ್ಲಿನ ಆಡಳಿತಕ್ಕೆ ಅಲೆಕ್ಸಾಂಡರ್ ರೀಡ್ ಬಂದ. ಅವನ ಕೈಕೆಳಗಿದ್ದವರಲ್ಲಿ ಥಾಮಸ್ ಮನ್ರೋ ಒಬ್ಬ. ರೈತವಾರಿ ಪದ್ಧತಿಯ ಮೊದಲ ಪ್ರಯೋಗ ನಡೆದದ್ದು ಈ ನೆಲದಲ್ಲೇ. ಹೊಲ ಹೊಲವನ್ನೂ ಅಳೆದರು. ಪುಂಜೆ, ನಂಜೆ, ತೋಟ ಅಂತ ಬೇರೆ ಮಾಡಿ ಕಂದಾಯ ಕಟ್ಟಿದರು. ಸರಕಾರದ ಪುಸ್ತಕದಲ್ಲಿ ಮಣ್ಣು ಅಂದರೆ ಅದರಿಂದ ಎಷ್ಟು ಹಣ ಹುಟ್ಟುತ್ತದೆ ಅನ್ನೋ ಲೆಕ್ಕ. ಆ ಮಣ್ಣು ಎಷ್ಟು ಉಣ್ಣುತ್ತದೆ ಅನ್ನೋ ಲೆಕ್ಕ ಮಾತ್ರ ರೈತನ ತಲೆಯಲ್ಲೇ ಉಳಿಯಿತು.

ಆ ಕಾಲದಲ್ಲಿ ಮಣ್ಣಿಗೆ ಊಟ ನಾಲ್ಕು ದಾರಿಯಿಂದ ಬರುತ್ತಿತ್ತು. ಮೊದಲನೆಯದು ಮನೆಯ ತಿಪ್ಪೆ. ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಒಲೆಯ ಬೂದಿ, ಅಂಗಳ ಗುಡಿಸಿದ ಕಸ ಎಲ್ಲವೂ ಅಲ್ಲಿಗೆ ಹೋಗುತ್ತಿತ್ತು. ಎರಡನೆಯದು ಕುರಿಮಂದೆ. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ತರುಬಿಸಿ, ಕುರುಬರಿಗೆ ದವಸ ಕೊಡುತ್ತಿದ್ದರು. ಮೂರನೆಯದು ಕೆರೆಯ ಗೋಡುಮಣ್ಣು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಬಂಡಿಯಲ್ಲಿ ಹೊಡೆದು ಹೊಲಕ್ಕೆ ಹರಡಿದರೆ ಹೊಲಕ್ಕೆ ಸಾರ ಬರುತ್ತಿತ್ತು, ಕೆರೆಯ ಹೂಳೂ ಎದ್ದಂತಾಗುತ್ತಿತ್ತು. ನಾಲ್ಕನೆಯದು ಹೊಂಗೆ, ಎಕ್ಕದಂಥ ಹಸಿರು ಸೊಪ್ಪು, ಇದನ್ನು ಕೆಸರುಗದ್ದೆಗೆ ತುಳಿಯುತ್ತಿದ್ದರು.

ಇದನ್ನೆಲ್ಲ ಹೇಳುವಾಗ ಹಳೆಯದೆಲ್ಲ ಚಿನ್ನ ಅಂತ ಹಾಡಬಾರದು. ತಿಪ್ಪೆಯ ಮಂಕರಿ ಹೊತ್ತದ್ದು ಹೆಚ್ಚಾಗಿ ಹೆಂಗಸರು, ಜೀತದಾಳುಗಳು. ಭೂಮಿಯಿಲ್ಲದವರ ತಲೆಯ ಮೇಲೆ ಭೂಮಿಯಿದ್ದವರ ಗೊಬ್ಬರ ಹೋಯಿತು. ಸಗಣಿಯೆಲ್ಲ ಹೊಲಕ್ಕೇ ಹೋಗುತ್ತಿತ್ತು ಅನ್ನೋದೂ ಸುಳ್ಳು. ಸೌದೆ ಸಿಗದ ಕಡೆ ಅದು ಬೆರಣಿಯಾಗಿ, ನಮ್ಮ ತಮಿಳಿನ ನೆರೆಯವರ ಮಾತಲ್ಲಿ ವರಟ್ಟಿಯಾಗಿ, ಒಲೆಯಲ್ಲಿ ಉರಿಯುತ್ತಿತ್ತು.

1876ರಿಂದ 78ರವರೆಗಿನ ದೊಡ್ಡ ಬರ ಈ ಏರ್ಪಾಟನ್ನು ಮುರಿದುಹಾಕಿತು. ಮೈಸೂರು ಸೀಮೆಯಂತೆ ಸೇಲಂ ಜಿಲ್ಲೆಯೂ ಆಗ ನಾಶವಾಯಿತು. 1871ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 19 ಲಕ್ಷ 67 ಸಾವಿರ. 1881ರಲ್ಲಿ ಸುಮಾರು 16 ಲಕ್ಷ. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಾದಲ್ಲಿ ಮೂರೂವರೆ ಲಕ್ಷಕ್ಕೂ ಮೀರಿ ಕಡಿಮೆಯಾದರು. ಮೇವಿಲ್ಲದೆ ದನಗಳೂ ಸತ್ತವು. ದನ ಹೋದರೆ ಉಳುವ ಶಕ್ತಿಯೂ ಹೋಯಿತು, ತಿಪ್ಪೆಯೂ ಹೋಯಿತು. ಮಳೆ ಮರುವರ್ಷ ಬರಬಹುದು. ಬರಿದಾದ ಕೊಟ್ಟಿಗೆ ತುಂಬೋದಕ್ಕೆ ಎಷ್ಟೋ ವರ್ಷ ಬೇಕು.

ಬರಗಳ ಮೇಲೆ ಬರ ಬಂದ ಮೇಲೆ ಸರಕಾರಕ್ಕೂ ಬೇಸಾಯದ ಚಿಂತೆ ಹತ್ತಿತು. 1889ರಲ್ಲಿ ಜಾನ್ ಆಗಸ್ಟಸ್ ವೋಲ್ಕರ್ ಎಂಬ ರಸಾಯನಶಾಸ್ತ್ರಜ್ಞನನ್ನು ಇಂಗ್ಲೆಂಡಿನಿಂದ ಕರೆಸಿದರು. ಭಾರತದ ರೈತರಿಗೆ ಬುದ್ಧಿ ಹೇಳಲಿ ಅಂತ ಕಳಿಸಿದರೆ, ಊರೂರು ಸುತ್ತಿದ ಅವನು, ಇಲ್ಲಿನ ರೈತ ಇಂಗ್ಲೆಂಡಿನ ಸಾಧಾರಣ ರೈತನಿಗೆ ಯಾವುದರಲ್ಲೂ ಕಡಿಮೆಯಿಲ್ಲ, ಕೆಲವು ವಿಷಯದಲ್ಲಿ ಮೇಲೇ ಎಂದು 1893ರ ತನ್ನ ವರದಿಯಲ್ಲಿ ಬರೆದ. ರೈತನಿಗೆ ತಿಳಿವಳಿಕೆ ಇಲ್ಲದೆ ಅಲ್ಲ, ಸೌದೆ ಇಲ್ಲದೆ ಸಗಣಿ ಸುಡುತ್ತಾನೆ ಎಂದು ಕಂಡುಕೊಂಡ. ಊರ ಹತ್ತಿರ ಸೌದೆಗೂ ಮೇವಿಗೂ ಕಾವಲುಗಳನ್ನು ಬೆಳೆಸಿ, ಆಗ ಸಗಣಿ ತಾನಾಗಿ ಹೊಲಕ್ಕೆ ಹೋಗುತ್ತದೆ ಅನ್ನೋದು ಅವನ ಸಲಹೆ.

ಮುಂದೆ ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಇಬ್ಬರೂ ರೈತರ ತಿಪ್ಪೆಯನ್ನೇ ಶಾಸ್ತ್ರೀಯವಾಗಿ ಪರೀಕ್ಷಿಸಿದರು. ಒಣಕಸ, ಹಸಿಕಸ, ಸಗಣಿ, ಬೂದಿ, ಗಂಜಲದ ಮಣ್ಣು ಇವನ್ನು ಪದರ ಪದರವಾಗಿ ಹಾಕಿ, ಆಗಾಗ ತಿರುವಿದರೆ ಮೂರು ತಿಂಗಳಲ್ಲಿ ಗೊಬ್ಬರವಾಗುತ್ತದೆ ಎಂದು 1931ರಲ್ಲಿ ಪ್ರಕಟಿಸಿದರು. ಅದೇ ಇಂದೋರ್ ಪದ್ಧತಿ. ಅದರ ಬೆನ್ನಿಗೆ, 1939ರಲ್ಲಿ, ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯ ಇನ್ನೊಂದು ಬಗೆ ಕಂಡುಹಿಡಿದರು. ಗುಂಡಿಯಲ್ಲಿ ಕಸವನ್ನು ಪದರವಾಗಿ ತುಂಬಿ, ಮೇಲೆ ಮಣ್ಣಿನಿಂದ ಸಾರಿಸಿ ಮುಚ್ಚಿಬಿಡೋದು. ತಿರುವುವ ಕೆಲಸ ಇಲ್ಲ, ಆರರಿಂದ ಎಂಟು ತಿಂಗಳು ಕಾಯಬೇಕು ಅಷ್ಟೆ. ಲೋಕದ ಕೃಷಿ ಪುಸ್ತಕಗಳಲ್ಲಿ ಇದಕ್ಕೆ ಬೆಂಗಳೂರು ಪದ್ಧತಿ ಎಂದೇ ಹೆಸರು. ತಪ್ಪನ್ನು ಮುಚ್ಚಿಡುವವರಿಗೆ ನಾವು "ತಿಪ್ಪೆ ಸಾರಿಸಬ್ಯಾಡ" ಅಂತೀವಿ. ಇಲ್ಲಿ ಮಾತ್ರ ತಿಪ್ಪೆ ಸಾರಿಸೋದೇ ಒಳ್ಳೆಯ ಕೆಲಸ!

ಇಷ್ಟೆಲ್ಲ ಗೊತ್ತಿದ್ದೂ ತಿಪ್ಪೆ ಯಾಕೆ ಹೋಯಿತು? ಅದಕ್ಕೆ ಒಂದು ಸಣ್ಣ ಲೆಕ್ಕ ನೋಡಬೇಕು. ನಮ್ಮ ನಾಡಿನಲ್ಲಿ ರಸಗೊಬ್ಬರದ ಕಾರ್ಖಾನೆ 1906ರಲ್ಲೇ ರಾಣಿಪೇಟೆಯಲ್ಲಿ ಶುರುವಾಗಿತ್ತು. 1951ರಲ್ಲಿ ಸಿಂದ್ರಿಯ ದೊಡ್ಡ ಕಾರ್ಖಾನೆ ಬಂತು. 60ರ ದಶಕದ ಹಸಿರು ಕ್ರಾಂತಿಯ ಜೊತೆಗೆ ಚೀಲದ ಗೊಬ್ಬರ ಹಳ್ಳಿ ಹಳ್ಳಿಗೂ ತಲುಪಿತು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಸುಮಾರು ಅರ್ಧ ಪಾಲು. ಅಂದರೆ 45 ಕಿಲೋದ ಒಂದು ಚೀಲ ಯೂರಿಯಾದಲ್ಲಿರುವ ಸಾರಜನಕಕ್ಕೆ ಸುಮಾರು 4 ಟನ್ ಕೊಟ್ಟಿಗೆ ಗೊಬ್ಬರ ಬೇಕು. ಹೆಗಲ ಮೇಲೆ ಒಂದು ಚೀಲ ಎಲ್ಲಿ, ಬಂಡಿ ಬಂಡಿ ತಿಪ್ಪೆ ಎಲ್ಲಿ? ಮಂಕರಿ ಹೊತ್ತು ಕುತ್ತಿಗೆ ನೊಂದವರಿಗೆ ಚೀಲ ಬಂದದ್ದು ಬಿಡುಗಡೆಯೇ. ಆ ರೈತರನ್ನು ದಡ್ಡರು ಅನ್ನೋದು ನ್ಯಾಯವಲ್ಲ. ಹೊಟ್ಟೆ ತುಂಬಿಸಿದ್ದೂ ಆ ಚೀಲವೇ.

ಆದರೆ ಲೆಕ್ಕದಲ್ಲಿ ಬಿಟ್ಟುಹೋದದ್ದು ಒಂದಿತ್ತು. ಯೂರಿಯಾ ಗಿಡಕ್ಕೆ ಉಣ್ಣಿಸುತ್ತದೆ, ತಿಪ್ಪೆ ಮಣ್ಣಿಗೆ ಉಣ್ಣಿಸುತ್ತದೆ. ಒಂದು ಚಮಚ ಒಳ್ಳೆಯ ಮಣ್ಣಿನಲ್ಲಿ ಕೋಟಿಗಟ್ಟಲೆ ಜೀವಾಣುಗಳಿರುತ್ತವೆ. ಅವಕ್ಕೆ ಕೊಳೆಯುವ ವಸ್ತು ಬೇಕು. ಅದು ಸಿಕ್ಕಿದರೆ ಮಣ್ಣಿನ ಕಣಗಳನ್ನು ಅಂಟಿಸಿ ಕಾಳುಕಾಳಾಗಿ ಮಾಡುತ್ತವೆ, ನೀರು ಇಂಗುತ್ತದೆ, ಬೇರು ಇಳಿಯುತ್ತದೆ. ಸಿಗದಿದ್ದರೆ ಮಣ್ಣು ಮಳೆಗೆ ಕೆಸರು, ಬಿಸಿಲಿಗೆ ಕಲ್ಲು. ಕೊಯಮತ್ತೂರಿನ ಕೃಷಿ ಕ್ಷೇತ್ರದಲ್ಲಿ 1909ರಿಂದ ಒಂದು ಪ್ರಯೋಗ ನಡೆದುಬಂದಿದೆ. ಕೆಲವು ಮಡಿಗಳಿಗೆ ಏನೂ ಹಾಕೋದಿಲ್ಲ, ಕೆಲವಕ್ಕೆ ಬರೀ ರಸಗೊಬ್ಬರ, ಕೆಲವಕ್ಕೆ ಕೊಟ್ಟಿಗೆ ಗೊಬ್ಬರ. ಎಲ್ಲ ಪೋಷಕಗಳನ್ನೂ ಹದವಾಗಿ ಕೊಟ್ಟ ಕಡೆ ರಸಗೊಬ್ಬರವೂ ಬೆಳೆ ಕೊಟ್ಟಿದೆ. ಆದರೆ ಮಣ್ಣಿನಲ್ಲಿ ಸಾವಯವ ಇಂಗಾಲ ಹೆಚ್ಚಿರುವುದು ಕೊಟ್ಟಿಗೆ ಗೊಬ್ಬರ ಉಂಡ ಮಡಿಗಳಲ್ಲಿ.

ಚರಿತ್ರೆಯ ಸೋಜಿಗ ನೋಡಿ. ವೋಲ್ಕರನ ಕಾಲದಲ್ಲಿ ಸಗಣಿಯನ್ನು ಒಲೆ ತಿನ್ನುತ್ತಿತ್ತು. ಈಗ ಮನೆಮನೆಗೆ ಗ್ಯಾಸ್ ಬಂದಿದೆ, ಒಲೆಗೆ ಸಗಣಿ ಬೇಡ. ಆದರೆ ಅಷ್ಟು ಹೊತ್ತಿಗೆ ಟ್ರ್ಯಾಕ್ಟರು ಬಂದು ಎತ್ತುಗಳೇ ಹೊರಟುಹೋದವು. ಅಡಿಗೆಮನೆಯ ಸಿಪ್ಪೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ರಸ್ತೆಬದಿಗೆ ಹೋಗುತ್ತದೆ. ಉದುರಿದ ಎಲೆಗೆ ಬೆಂಕಿ ಬೀಳುತ್ತದೆ. ಒಂದು ಬಾಗಿಲಿನಿಂದ ಸಾರವನ್ನು ಹೊರಗೆ ಹಾಕಿ, ಇನ್ನೊಂದು ಬಾಗಿಲಿನಿಂದ ಗೊಬ್ಬರವನ್ನು ದುಡ್ಡು ಕೊಟ್ಟು ತರುತ್ತೀವಿ.

ಹೊಸ ಮನೆಯ ಮಣ್ಣಿಗೆ ಇನ್ನೂ ಒಂದು ಕಷ್ಟವಿದೆ. ಪಾಯ ತೋಡುವಾಗ ಮೇಲಿನ ಕಪ್ಪು ಮಣ್ಣು ಅಡಿಗೆ ಹೋಗಿ, ಅಡಿಯ ಗೊಚ್ಚು ಮೇಲೆ ಬರುತ್ತದೆ. ಕೆಲಸ ಮುಗಿದ ಮೇಲೆ ಉಳಿದ ಸಿಮೆಂಟು, ಗಾರೆಚೂರು ಹಿತ್ತಲಲ್ಲೇ ಹೂತುಹೋಗುತ್ತದೆ. ಸುಣ್ಣದ ಅಂಶ ಹೆಚ್ಚಿ ಮಣ್ಣು ಕ್ಷಾರವಾದರೆ, ಅದರಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗೋದಿಲ್ಲ. ಆಗ ಮಲ್ಲಿಗೆಯ ಎಳೆ ಎಲೆಯ ನರ ಹಸಿರಾಗಿದ್ದು, ನಡುವೆ ಹಳದಿಯಾಗುತ್ತೆ. ಅದಕ್ಕೆ ಯೂರಿಯಾ ಸುರಿದರೆ ಪ್ರಯೋಜನವಿಲ್ಲ. ಗಾರೆಚೂರು ಆರಿಸಿ ತೆಗೆದು, ಕಳಿತ ಗೊಬ್ಬರ ಬೆರೆಸಬೇಕು.

ಹುಲ್ಲುಹಾಸು ಬೇಕೆನ್ನುವವರಿಗೆ ಒಂದು ಮಾತು. ಬರ್ಮುಡಾ ಹುಲ್ಲು ಅಂತ ದೊಡ್ಡ ಹೆಸರಿಟ್ಟು ಮಾರುವುದು ಬೇರೇನೂ ಅಲ್ಲ, ನಮ್ಮ ಗರಿಕೆ. ಗಣೇಶನಿಗೆ ಏರಿಸುವ, ಹೊಲದಲ್ಲಿ ಕಂಡರೆ ಬೇರುಸಹಿತ ಕೀಳುವ ಅದೇ ಗರಿಕೆಯ ತಳಿಗಳು ಲೋಕದ ಎಷ್ಟೋ ಬಂಗಲೆ, ಆಟದ ಮೈದಾನಗಳಲ್ಲಿವೆ. ಗರಿಕೆ ನಮ್ಮ ಬಿಸಿಲು ಬಲ್ಲ ಹುಲ್ಲು. ಅದನ್ನು ತೀರಾ ಬೋಳಿಸಬೇಡಿ. ಕತ್ತರಿಸಿದ ತುಂಡನ್ನು ಅಲ್ಲೇ ಬಿಡಿ, ಅದೇ ಅದರ ಊಟ. ಮಳೆಗೆ ಮುಂಚೆ ಜರಡಿ ಹಿಡಿದ ಗೊಬ್ಬರವನ್ನು ತೆಳ್ಳಗೆ ಉದುರಿಸಿ. ದಿನಾ ಚಿಮುಕಿಸೋದಕ್ಕಿಂತ ವಾರಕ್ಕೊಂದೆರಡು ಸಲ ಚೆನ್ನಾಗಿ ನೆನೆಯುವಂತೆ ನೀರು ಬಿಟ್ಟರೆ ಬೇರು ಆಳಕ್ಕೆ ಇಳಿಯುತ್ತದೆ.

ದನವಿಲ್ಲದ ಮನೆಗೂ ತಿಪ್ಪೆ ಸಾಧ್ಯ. ನೀರು ನಿಲ್ಲದ ಎತ್ತರದಲ್ಲಿ, ಉದ್ದ ಅಗಲ ಆಳ ಮೂರು ಮೂರು ಅಡಿಯ ಗುಂಡಿ ಸಾಕು. ಒಂದು ಪದರ ಒಣಗಿದ ಎಲೆ, ಅದರ ಮೇಲೆ ತರಕಾರಿ ಸಿಪ್ಪೆ, ಕಿತ್ತ ಕಳೆ. ಒಂದು ಹಿಡಿ ಹಳೆಯ ಮಣ್ಣು, ನೆರೆಮನೆಯಿಂದ ತಂದ ಸಗಣಿಯ ಬಗ್ಗಡ. ಹಿಂಡಿದ ಬಟ್ಟೆಯಷ್ಟು ತೇವ ಇರಲಿ. ನಾತ ಬಂದರೆ ಒಣ ಎಲೆ ಕಡಿಮೆಯಾಗಿದೆ ಅಂತ ತಿಳಿಯಿರಿ. ಪ್ಲಾಸ್ಟಿಕ್, ಸೋಪಿನ ನೀರು, ಎಣ್ಣೆ, ಮಾಂಸ ಬೇಡ. ಗುಂಡಿ ತುಂಬಿದ ಮೇಲೆ ಮಣ್ಣಿನಿಂದ ಸಾರಿಸಿ ಮುಚ್ಚಿ. ತೈ ತಿಂಗಳಲ್ಲಿ ಮುಚ್ಚಿದ ಗುಂಡಿ ಆಡಿ ತಿಂಗಳ ಬಿತ್ತನೆಗೆ ಹದವಾಗುತ್ತದೆ. ಇಂಥ ಎರಡು ಗುಂಡಿಯಿದ್ದರೆ ಒಂದು ಕಳಿಯುವಾಗ ಇನ್ನೊಂದು ತುಂಬುತ್ತದೆ.

ಶಾಲೆಯ ಮೇಷ್ಟರುಗಳಿಗೆ ಒಂದು ವಿನಂತಿ. ಮಕ್ಕಳಿಗೆ ಮಣ್ಣನ್ನು ಪಾಠದಲ್ಲಿ ಮಾತ್ರ ತೋರಿಸಬೇಡಿ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಮಿಕ್ಕಿದ್ದು ನೀರು ಹಾಕಿ ಕುಲುಕಿಸಿ ಇಡಲಿ. ಒಂದೆರಡು ನಿಮಿಷದಲ್ಲಿ ಮರಳು ಕೂರುತ್ತದೆ, ಕೆಲವು ಗಂಟೆಯಲ್ಲಿ ಗೋಡು, ಮರುದಿನ ಜೇಡಿ. ತೇಲಿದ ಕಪ್ಪು ಚೂರುಗಳೇ ಸಾವಯವ ವಸ್ತು. ಮಳೆಗಾಲದಲ್ಲಿ ಒಂದಡಿ ಚೌಕ ಅಗೆದು ಎರೆಹುಳ ಎಣಿಸಲಿ. ಹುಳ ಎಣಿಸೋದು ಹಗುರ ಕೆಲಸ ಅಂದುಕೊಳ್ಳಬೇಡಿ. ಚಾರ್ಲ್ಸ್ ಡಾರ್ವಿನ್ ತನ್ನ ಬದುಕಿನ ಕೊನೆಯ ಪುಸ್ತಕವನ್ನು 1881ರಲ್ಲಿ ಬರೆದದ್ದು ಎರೆಹುಳಗಳ ಮೇಲೆಯೇ.

ಕಡೆಗೆ ಇಂಗ್ಲೆಂಡಿನ ಒಂದು ಹೊಲದ ಸಂಗತಿ. ರಾಥಮ್‌ಸ್ಟೆಡ್ ಎಂಬಲ್ಲಿ 1852ರಿಂದ 1871ರವರೆಗೆ, 20 ವರ್ಷ, ಒಂದು ಮಡಿಗೆ ಪ್ರತಿ ವರ್ಷ ಕೊಟ್ಟಿಗೆ ಗೊಬ್ಬರ ಹಾಕಿ ನಿಲ್ಲಿಸಿದರು. ಆಮೇಲೆ ಒಂದು ಮಂಕರಿಯೂ ಹಾಕಲಿಲ್ಲ. ನೂರು ವರ್ಷ ಕಳೆದ ಮೇಲೂ, ಎಂದೂ ಗೊಬ್ಬರ ಕಾಣದ ಪಕ್ಕದ ಮಡಿಗಿಂತ ಆ ಮಣ್ಣಿನಲ್ಲಿ ಸಾರ ಹೆಚ್ಚೇ ಇತ್ತು. ಹಾಕಿದವರೂ ಇಲ್ಲ, ಅವರ ಮಕ್ಕಳೂ ಇಲ್ಲ. ಮಣ್ಣು ಮಾತ್ರ ಮರೆತಿರಲಿಲ್ಲ.

ಮನೆಯನ್ನು ಮಕ್ಕಳಿಗೆ ಬಿಟ್ಟುಹೋಗಬೇಕು ಅಂತ ಎಲ್ಲರೂ ಕಟ್ಟುತ್ತೀವಿ. ಗೋಡೆಯ ಬಣ್ಣ ಐದು ವರ್ಷಕ್ಕೆ ಮಾಸುತ್ತದೆ. ಹಿತ್ತಲ ಮಣ್ಣಿಗೆ ಹಾಕಿದ್ದು ಮೊಮ್ಮಕ್ಕಳವರೆಗೆ ಉಳಿಯುತ್ತದೆ. ಬರುವ ತೈ ತಿಂಗಳಲ್ಲಿ ಹಬ್ಬಕ್ಕೆ ಮನೆ ಗುಡಿಸಿದ ಕಸಕ್ಕೆ ಬೆಂಕಿ ಇಡುವ ಮುಂಚೆ, ಹಿತ್ತಲಲ್ಲಿ ಮೂರಡಿ ಜಾಗ ಎಲ್ಲಿದೆ ಅಂತ ನೋಡಿರಿ.