ಏಷ್ಯನ್ ಅರೋವಾನ: ಕಾನೂನು ಮಾನ್ಯತೆಗಾಗಿ ಹವ್ಯಾಸಿಗಳ ಪ್ರಯತ್ನ

ಆಗ್ನೇಯ ಏಷ್ಯಾದ ಸಿಹಿನೀರಿನ ಮೀನು ಏಷ್ಯನ್ ಅರೋವಾನವನ್ನು ಸಾಕಲು ಅನುಮತಿ ಬೇಕು, ಅದರ ನೆಲೆಗಳೂ ಉಳಿಯಬೇಕು ಎಂದು ಅಮೆರಿಕದ ಅಕ್ವೇರಿಯಂ ಹವ್ಯಾಸಿಗಳು ಒತ್ತಾಯಿಸುತ್ತ ಬಂದಿದ್ದಾರೆ. ವೈಜ್ಞಾನಿಕ ಹೆಸರು ಸ್ಕ್ಲೀರೋಪೇಜಸ್ ಫಾರ್ಮೋಸಸ್. ಸುಮಾರು 90 ಸೆಂ.ಮೀ. ಬೆಳೆಯುವ ಈ ಮೀನಿಗೆ ದೊಡ್ಡ ಹೊಳೆಯುವ ಹುರುಪೆಗಳು, ಕೆಳದುಟಿಯಲ್ಲಿ ಎರಡು ಮೀಸೆಗಳು. ಡ್ರ್ಯಾಗನ್ನನ್ನು ಹೋಲುವ ಇದು ಅದೃಷ್ಟ ತರುತ್ತದೆಂದು ಚೀನೀ ಸಮುದಾಯಗಳಲ್ಲಿ ನಂಬಿಕೆಯಿದೆ.

ಇದರ ಸಂತಾನ ಬಹಳ ಕಡಿಮೆ. ಗಂಡುಮೀನು ಮೊಟ್ಟೆಗಳನ್ನೂ ಮರಿಗಳನ್ನೂ ವಾರಗಟ್ಟಲೆ ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಬೇಟೆಗಾರರು ಆ ತಂದೆಯನ್ನೇ ಹಿಡಿದು, ಬಾಯಿ ತೆರೆಸಿ ಮರಿಗಳನ್ನು ತೆಗೆಯುತ್ತಿದ್ದರು. ಸಂತತಿ ಕುಸಿಯಲು ಇದೂ ಕಾರಣ, ಜೌಗುಕಾಡುಗಳ ನಾಶವೂ ಕಾರಣ.

1975ರಲ್ಲಿ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲನೆಯ ಅನುಬಂಧಕ್ಕೂ, 1976ರಲ್ಲಿ ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಗೂ ಇದು ಸೇರಿತು. ಸೈಟಿಸ್‌ನಲ್ಲಿ ನೋಂದಾಯಿತ ಫಾರಂಗಳು ಮೈಕ್ರೋಚಿಪ್ ಅಳವಡಿಸಿದ ಮೀನುಗಳನ್ನು ಪ್ರಮಾಣಪತ್ರದೊಂದಿಗೆ ಮಾರುತ್ತವೆ. ಆದರೆ ಅಮೆರಿಕದ ಕಾನೂನಿನ ರಕ್ಷಣೆ ಫಾರಂನಲ್ಲಿ ಹುಟ್ಟಿದ ಮೀನಿಗೂ ಅನ್ವಯಿಸುತ್ತದೆ. ಆಮದಿಗೂ ಅಂತರರಾಜ್ಯ ಮಾರಾಟಕ್ಕೂ ನಿಷೇಧವಿದೆ.

ಚಿಪ್ ಇರುವ ಮೀನಿಗೆ ದಾರಿ ತೆರೆದರೆ ಕಳ್ಳಸಾಗಣೆ ತಗ್ಗುತ್ತದೆ ಎಂಬುದು ಹವ್ಯಾಸಿಗಳ ವಾದ. ಕಾಡಿನ ಮೀನನ್ನು ಫಾರಂ ಮೀನೆಂದು ದಾಟಿಸಲು ಆ ಕಾನೂನುಬದ್ಧ ಮಾರುಕಟ್ಟೆಯೇ ಮರೆಯಾಗಿ ಬಳಕೆಯಾಗಬಹುದು ಎಂಬುದು ವಿರೋಧಿಗಳ ಆತಂಕ. ಎರಡರಲ್ಲೂ ಹುರುಳಿದೆ. ಆದರೂ ಚಿಪ್ ಆಗಲಿ ನಿಷೇಧವಾಗಲಿ ಎಣ್ಣೆತಾಳೆ ತೋಟವಾದ ಜೌಗನ್ನು ಮರಳಿಸದು. ಹವ್ಯಾಸಿಗಳ ಬೇಡಿಕೆಯಲ್ಲಿ ನೆಲೆಗಳ ರಕ್ಷಣೆಯೇ ಮುಖ್ಯವಾಗಬೇಕು. ಸದ್ಯದ ಕಾನೂನಿನಲ್ಲಿಯೂ ಪ್ರಭೇದದ ಉಳಿವಿಗೆ ನೆರವಾಗುವ ಕೆಲಸಕ್ಕೆ ವಿಶೇಷ ಪರವಾನಗಿ ಕೊಡಲು ಅವಕಾಶವಿದೆ. ಮನೆಯ ತೊಟ್ಟಿಯಲ್ಲಿ ಸಾಕುವುದರಿಂದ ಅಂಥ ನೆರವಾಗುತ್ತದೆಂದು ತೋರಿಸುವುದೇ ಕಷ್ಟ.