ಸಿಂಥೆಟಿಕ್ ಆಯಿಲ್ ಹಾಕಿದರೆ ಇಂಜಿನ್ ಸವೆಯುವುದೇ ಇಲ್ಲವೇ? ಉಪ್ಪಲ್ ಟ್ರಾಫಿಕ್‌ನ ಲೆಕ್ಕವೇ ಬೇರೆ

ಹೈದರಾಬಾದ್‌ನ ಉಪ್ಪಲ್ ರಿಂಗ್ ರೋಡ್ ಜಂಕ್ಷನ್‌ನಲ್ಲಿ ಸಂಜೆ ಹೊತ್ತು ಸಿಕ್ಕಿಕೊಂಡವರಿಗೆ ಟ್ರಾಫಿಕ್ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಇಲ್ಲಿಂದ ವರಂಗಲ್ ಕಡೆಗೆ 2018ರಲ್ಲಿ ಶುರುವಾದ ಉಪ್ಪಲ್-ನಾರಪಳ್ಳಿ ಎಲಿವೇಟೆಡ್ ಕಾರಿಡಾರ್ ಕಾಮಗಾರಿ ವರ್ಷಗಟ್ಟಲೆ ಎಳೆಯಿತು. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಈ ನಗರದಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದು ದಿನನಿತ್ಯದ ಗೋಳು. ಗಾಡಿಯನ್ನು ಸರ್ವಿಸ್‌ಗೆ ಬಿಟ್ಟಾಗ ಮೆಕ್ಯಾನಿಕ್ ಕೇಳುವ ಪ್ರಶ್ನೆ ಮಾತ್ರ ಎಲ್ಲರಿಗೂ ಒಂದೇ: 'ಮಿನರಲ್ ಹಾಕಲಾ, ಸಿಂಥೆಟಿಕ್ ಹಾಕಲಾ?'

ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿದೆ. ಹಾಗಾದರೆ ಇಂಜಿನ್ ಆಯಸ್ಸಿನಲ್ಲೂ ಅಷ್ಟೇ ವ್ಯತ್ಯಾಸ ಆಗುತ್ತದೆಯೇ?

ಮೊದಲು ಒಂದು ಸಣ್ಣ ಲೆಕ್ಕ. ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು 10,000 ಕಿ.ಮೀ. ಓಡಲು 200 ಗಂಟೆ ಸಾಕು. ಗಂಟೆಗೆ 15 ಕಿ.ಮೀ. ತೆವಳುವ ಕಾರಿಗೆ ಅದೇ ದೂರಕ್ಕೆ 660 ಗಂಟೆಗೂ ಹೆಚ್ಚು ಬೇಕು. ಮೀಟರ್‌ನಲ್ಲಿ ಎರಡೂ ಒಂದೇ. ಒಳಗಿರುವ ಆಯಿಲ್ ಮಾತ್ರ ಎರಡನೇ ಕಾರಿನಲ್ಲಿ ಮೂರು ಪಟ್ಟು ಹೊತ್ತು ಬೆಂದಿರುತ್ತದೆ.

ಬಿಸಿಯೇ ಇಲ್ಲಿ ದೊಡ್ಡ ಶತ್ರು. ಉಷ್ಣತೆ 10 ಡಿಗ್ರಿ ಏರಿದಂತೆ ಆಯಿಲ್ ಆಮ್ಲಜನಕದೊಂದಿಗೆ ಸೇರಿ ಕೆಡುವ ವೇಗ ಸುಮಾರು ದುಪ್ಪಟ್ಟಾಗುತ್ತದೆ ಎಂಬುದು ಒಂದು ಸ್ಥೂಲ ನಿಯಮ. ಕೆಟ್ಟ ಆಯಿಲ್ ಮಂದವಾಗುತ್ತದೆ, ಕೆಸರು ಕಟ್ಟುತ್ತದೆ, ಸಣ್ಣ ನಾಳಗಳಲ್ಲಿ ಕೂರುತ್ತದೆ. ಕಚ್ಚಾ ತೈಲವನ್ನು ಶುದ್ಧೀಕರಿಸಿ ಪಡೆಯುವ ಮಿನರಲ್ ಆಯಿಲ್‌ನಲ್ಲಿ ಅಣುಗಳು ನಾನಾ ಗಾತ್ರದವು, ಗಂಧಕದಂಥ ಕಲ್ಮಶವೂ ಒಂದಿಷ್ಟು ಉಳಿದಿರುತ್ತದೆ. ಸಿಂಥೆಟಿಕ್‌ನಲ್ಲಿ ಅಣುಗಳು ಹೆಚ್ಚು ಏಕರೂಪ. ಹಾಗಾಗಿ ಅದು ಬಿಸಿ ತಾಳುತ್ತದೆ, ನಿಧಾನವಾಗಿ ಹಳಸುತ್ತದೆ. ಟರ್ಬೊ ಇರುವ ಕಾರುಗಳಲ್ಲಿ ಈ ಗುಣ ಬಹಳ ಮುಖ್ಯ. ಅಲ್ಲಿ ಮ್ಯಾನುಯಲ್ ಸಿಂಥೆಟಿಕ್ ಎಂದು ಹೇಳಿದ್ದರೆ ಚೌಕಾಸಿ ಬೇಡ.

ಚಳಿಯಲ್ಲಿ ಬೇಗ ಹರಿಯುವುದು ಸಿಂಥೆಟಿಕ್‌ನ ಇನ್ನೊಂದು ಹೆಗ್ಗಳಿಕೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಆಯಿಲ್ ಮೇಲೇರುವ ತನಕ ಲೋಹಕ್ಕೆ ಲೋಹ ಉಜ್ಜುವುದು ನಿಜ. ಆದರೆ ಹಿಮ ಬೀಳುವ ಊರಿನಲ್ಲಿ ಸಿಗುವಷ್ಟು ಲಾಭ ಹೈದರಾಬಾದ್‌ನಲ್ಲಿ ಸಿಗದು.

ಹೆಸರಿನಲ್ಲೇ ಗೊಂದಲ

'ಸಿಂಥೆಟಿಕ್' ಎಂದು ಬರೆದಿದ್ದೆಲ್ಲ ಪ್ರಯೋಗಾಲಯದಲ್ಲಿ ಕಟ್ಟಿದ ಅಣು ಅಲ್ಲ. ಕಚ್ಚಾ ತೈಲವನ್ನೇ ತೀವ್ರವಾಗಿ ಸಂಸ್ಕರಿಸಿದ 'ಗ್ರೂಪ್ 3' ತೈಲವೂ ಇದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಈ ಬಗ್ಗೆ ಮೊಬಿಲ್ ಕಂಪನಿ ಕ್ಯಾಸ್ಟ್ರಾಲ್ ವಿರುದ್ಧ ಅಮೆರಿಕದ ಜಾಹೀರಾತು ನಿಗಾ ಸಂಸ್ಥೆಗೆ ದೂರು ಕೊಟ್ಟಿತ್ತು. 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಪರವಾಗಿ ಬಂತು. ಇದು ಮೋಸವೇನಲ್ಲ, ಗ್ರೂಪ್ 3 ಒಳ್ಳೆಯ ತೈಲವೇ. ಆದರೆ ಡಬ್ಬದ ಮುಂಭಾಗದ ದೊಡ್ಡ ಅಕ್ಷರಕ್ಕಿಂತ ಹಿಂಭಾಗದ ಸಣ್ಣ ಅಕ್ಷರ ನೋಡುವುದು ಒಳಿತು. ಗ್ರೇಡ್ ಮತ್ತು ಎಪಿಐ ದರ್ಜೆ ನಿಮ್ಮ ಮ್ಯಾನುಯಲ್‌ಗೆ ಹೊಂದಬೇಕು. ಸವೆತ ತಡೆಯುವ ಸತುವಿನ ಸಂಯುಕ್ತ ಸಾಮಾನ್ಯವಾಗಿ ಎರಡೂ ಬಗೆಯ ಆಯಿಲ್‌ನಲ್ಲಿ ಇರುತ್ತದೆ, ಎರಡರಲ್ಲೂ ಬಳಸಿದಂತೆ ಖರ್ಚಾಗುತ್ತದೆ. ಸಿಂಥೆಟಿಕ್ ಹಾಕಿಸಿದ್ದೇವೆಂದು ಸರ್ವಿಸ್ ಮುಂದೂಡುವವರು ಎಡವುವುದು ಇಲ್ಲೇ.

ಬೈಕ್ ಸವಾರರಿಗೆ ಇನ್ನೊಂದು ಎಚ್ಚರಿಕೆ. ಹೆಚ್ಚಿನ ಬೈಕ್‌ಗಳಲ್ಲಿ ಕ್ಲಚ್ ಕೂಡ ಇಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ದುಬಾರಿ ಎಂದು ಕಾರಿನ ಸಿಂಥೆಟಿಕ್ ಸುರಿದರೆ ಕ್ಲಚ್ ಜಾರಬಹುದು. ಜಾಸೋ ಎಂಎ ಅಥವಾ ಎಂಎ2 ಗುರುತು ಇದೆಯೇ ನೋಡಿ. ಹೊಗೆ ಸೋಸುವ ಫಿಲ್ಟರ್ ಇರುವ ಬಿಎಸ್6 ಡೀಸೆಲ್ ಕಾರಿಗೆ ಕಡಿಮೆ ಬೂದಿಯ ಆಯಿಲ್ಲೇ ಬೇಕು.

ಹಾಗಿದ್ದರೆ ಮಿನರಲ್ ಯಾರಿಗೆ? ಟರ್ಬೊ ಇಲ್ಲದ ಹಳೆಯ ಕಾರು, 100 ಸಿಸಿ ಕಮ್ಯೂಟರ್ ಬೈಕ್‌ಗೆ ಮ್ಯಾನುಯಲ್ ಒಪ್ಪಿದ್ದರೆ ಅದು ಧಾರಾಳ ಸಾಕು, ಹೊತ್ತಿಗೆ ಸರಿಯಾಗಿ ಬದಲಿಸಬೇಕಷ್ಟೆ. ನಮ್ಮ ಪ್ರಕಾರ, ಎರಡು ಸರ್ವಿಸ್ ತಪ್ಪಿಸಿದ ಸಿಂಥೆಟಿಕ್‌ಗಿಂತ ಸಕಾಲಕ್ಕೆ ಬದಲಿಸಿದ ಮಿನರಲ್ ವಾಸಿ. ಹಳೇ ಗಾಡಿಗೆ ಸಿಂಥೆಟಿಕ್ ಹಾಕಿದರೆ ಸೋರುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. ಸೀಲ್ ಮೊದಲೇ ಸವೆದು, ಕೆಸರು ಅದನ್ನು ಮುಚ್ಚಿಕೊಂಡಿದ್ದರೆ ಮಾತ್ರ ಸೋರಿಕೆ ಹೊರಗೆ ಕಾಣಿಸಿಕೊಳ್ಳುತ್ತದೆ.

ಅನೇಕ ಮ್ಯಾನುಯಲ್‌ಗಳಲ್ಲಿ ಕಠಿಣ ಬಳಕೆಗೆಂದೇ ಬೇರೆ ಸರ್ವಿಸ್ ಅವಧಿ ಕೊಟ್ಟಿರುತ್ತಾರೆ. ಧೂಳು, ಬಿಸಿಲು, ನಿಂತು ನಿಂತು ಸಾಗುವ ಓಡಾಟ ಎಲ್ಲವೂ ಆ ಲೆಕ್ಕಕ್ಕೇ ಸೇರುತ್ತವೆ. ಉಪ್ಪಲ್‌ನಲ್ಲಿ ದಿನಾ ಓಡಾಡುವವರು ಆ ಪುಟವನ್ನೇ ತೆರೆಯಿರಿ. ನಡುವೆ ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡಿ. ಖಾಲಿ ಡಬ್ಬ ನಕಲಿ ಆಯಿಲ್ ತುಂಬುವವರ ಕೈ ಸೇರದಂತೆ, ಗ್ಯಾರೇಜ್‌ನಲ್ಲೇ ಅದಕ್ಕೊಂದು ತೂತು ಹೊಡೆಸಿಬಿಡಿ.