ಉರಿ ಇಳಿದ ಮೇಲೆ ಕೆಂಡ

ಶಾಸನಗಳಿಂದಲೂ ಕಾವ್ಯಗಳಿಂದಲೂ ನಾಡಿನ ಚರಿತ್ರೆಯನ್ನು ತಿಳಿಯುವ ನಾವು ಅಡಿಗೆಯ ಬೆಂಕಿಯ ಚರಿತ್ರೆಯನ್ನು ವಿಚಾರಿಸುವುದು ಅಪರೂಪ. ಬಯಲಿನಲ್ಲಿ ಸೌದೆಯ ಬೆಂಕಿ ಹೂಡಿ, ಸಲಾಕೆಗೆ ಪೋಣಿಸಿದ ಮಾಂಸವನ್ನು ಸುಡುವ ವಿದ್ಯೆ ಬಹು ಪ್ರಾಚೀನವಾದುದು. ಇಂತಹ ಮಾಂಸಕ್ಕೆ ಅಮರಕೋಶವು ‘ಶೂಲ್ಯ’, ‘ಭಟಿತ್ರ’ ಎಂಬ ಹೆಸರುಗಳನ್ನು ಹೇಳುತ್ತದೆ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಇದರ ವಿವರವಿದೆ. ಹಂದಿಯ ಕೂದಲನ್ನು ಬಿಸಿನೀರಿನಿಂದಾಗಲಿ ಹುಲ್ಲಿನ ಉರಿಯಿಂದಾಗಲಿ ತೆಗೆಯುವ ಕ್ರಮವೂ, ಮಾಂಸದ ತುಂಡುಗಳನ್ನು ಶೂಲಕ್ಕೆ ಪೋಣಿಸಿ ಕೆಂಡದ ಮೇಲೆ ಸುಡುವ ಕ್ರಮವೂ ಅಲ್ಲಿ ಬಂದಿವೆ. ಈ ಗ್ರಂಥ ನಮಗೆ ದೂರದ್ದಲ್ಲ. ಮಡಕಶಿರಾ ಸೀಮೆಯ ಹೇಮಾವತಿಯೇ ಶಾಸನಗಳಲ್ಲಿ ಬರುವ ಹೆಂಜೇರು, ನೊಳಂಬರ ರಾಜಧಾನಿ. ಆ ನೊಳಂಬವಾಡಿಯು ಚಾಲುಕ್ಯ ಸಾಮ್ರಾಜ್ಯಕ್ಕೆ ಸೇರಿದ್ದಿತು.

ಕೂದಲಿಗೆ ಉರಿ, ಮಾಂಸಕ್ಕೆ ಕೆಂಡ: ಈ ಭೇದವೇ ವಿದ್ಯೆಯ ತಿರುಳು. ಗಾಳಿಯ ದಿಕ್ಕನ್ನು ನೋಡಿ, ಒಣಹುಲ್ಲಿಲ್ಲದ ನೆಲದಲ್ಲಿ ತಗ್ಗು ತೋಡಬೇಕು. ನಡುವೆ ಪುಳ್ಳೆ, ಅದರ ಮೇಲೆ ಸಣ್ಣ ಸೌದೆ, ಕೊನೆಗೆ ದಪ್ಪ ಕೊರಡು. ಜಾಲಿ, ಹುಣಸೆಯಂತಹ ಗಟ್ಟಿ ಮರದ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಹಸಿ ಸೌದೆ ಹೊಗೆಯನ್ನೇ ಕೊಡುತ್ತದೆ. ಕಣಗಿಲೆಯ ಕಡ್ಡಿಯಂತೂ ವಿಷ. ಅದನ್ನು ಒಲೆಗೂ ಸಲಾಕೆಗೂ ಮುಟ್ಟಿಸಬಾರದು. ಉರಿ ಇಳಿದು ಕೆಂಡದ ಮೇಲೆ ಬಿಳಿಯ ಬೂದಿ ಕವಿದಾಗ ಅದನ್ನು ಎರಡು ಬದಿಗೆ ಸರಿಸಬೇಕು. ಎರಡು ಕವೆಗೋಲುಗಳ ಮೇಲೆ ಸಲಾಕೆಯನ್ನಿಟ್ಟು ಬಿಡದೆ ತಿರುಗಿಸುತ್ತಿರಬೇಕು. ಕೆಂಡವು ನೇರ ಕೆಳಗಿದ್ದರೆ ಕೊಬ್ಬು ತೊಟ್ಟಿಕ್ಕಿ ಉರಿ ಏಳುತ್ತದೆ. ಹೊರಗೆ ಕರಿ, ಒಳಗೆ ಹಸಿ! ಮುಗಿದ ಬಳಿಕ ನೀರು ಸುರಿದು ನಂದಿಸಿಯೇ ಏಳಬೇಕು.

ಇಂದು ನಮ್ಮ ಸೀಮೆಯಲ್ಲಿ ಹೆಚ್ಚಾಗಿ ದೊರೆಯುವ ಸೌದೆ ಬಳ್ಳಾರಿ ಜಾಲಿ. ಅದು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ಬಂದುದು. ಸೋಮೇಶ್ವರನ ಬಾಣಸಿಗರು ಅದನ್ನು ಕಂಡಿರಲಿಲ್ಲ. ಸೌದೆ ಬದಲಾಯಿತು, ಹದ ಬದಲಾಗಲಿಲ್ಲ.

ಗಡಿಗಳೂ ಬದಲಾದುವು. 1953ರ ಅಕ್ಟೋಬರ್ 1ರಂದು ರಾಯದುರ್ಗವು ಬಳ್ಳಾರಿ ಜಿಲ್ಲೆಯಿಂದ ಅನಂತಪುರಕ್ಕೆ ಸೇರಿತು. 2022ರಲ್ಲಿ ಮಡಕಶಿರಾ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅರಸನ ಮಾತು ಗ್ರಂಥದಲ್ಲಿ ಉಳಿಯಿತು. ಬೆಂಕಿಯ ಮುಂದೆ ಬೆವರಿದವರ ಹೆಸರು ಉಳಿಯಲಿಲ್ಲ. ಅವರ ನುಡಿ ಮಾತ್ರ ನಮ್ಮ ಮನೆಗಳಲ್ಲಿದೆ: ಪುಳ್ಳೆ, ಕೊರಡು, ಕೊಳ್ಳಿ, ಉರಿ, ಕಿಡಿ, ಕೆಂಡ, ಬೂದಿ. ಗ್ಯಾಸಿನ ಒಲೆಯ ಮುಂದೆ ಬೆಳೆಯುವ ಮಕ್ಕಳಿಗೆ ಈ ಪದಗಳನ್ನು ಪಾಠಶಾಲೆಯೊಂದೇ ಕಲಿಸಲಾರದು. ಮುಂದಿನ ಸಲ ಹೊಲದಲ್ಲಿ ಬೆಂಕಿ ಹೂಡುವಾಗ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಒಂದೊಂದರ ಹೆಸರನ್ನೂ ಹೇಳಿಕೊಡೋಣ.